ಗೇಟಿನೊಳಗಿನ ಲಸಿಕೆ

ಆ ಸುತ್ತೋಲೆಯಲ್ಲಿ ಒಟ್ಟು ಏಳು ಕಲಮುಗಳಿದ್ದವು. ಆರನ್ನು ಮ್ಯಾನೇಜರರು ಹೇಳಿ ಬರೆಸಿದರು. ಐದನೆಯದು ಮಾತ್ರ ನನ್ನ ಸ್ವಂತ ಕಾಣಿಕೆ. ಅದನ್ನು ಬರೆದು ಮುಗಿಸಿ, ಕನ್ನಡಕ ಒರೆಸಿಕೊಂಡು, ಗೌಂಡಿಯೊಬ್ಬ ತಾನು ಸಂದು ಬಿಡದೆ ಕಟ್ಟಿದ ಗೋಡೆಯನ್ನು ನೋಡುವ ಹಾಗೆ ಎರಡು ಸಲ ನೋಡಿದ್ದು ಇವತ್ತಿಗೂ ನೆನಪಿದೆ.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯಲ್ಲಿ, ಕೋಳಿಮಾಂಸ ಕತ್ತರಿಸಿ, ತಣಿಸಿ, ಪೊಟ್ಟಣ ಕಟ್ಟಿ ಗೋವಾದ ಹೋಟೆಲುಗಳಿಗೆ ಕಳಿಸುವ ಕಾರ್ಖಾನೆಯಲ್ಲಿ ನಾನು ಕಾರ್ಮಿಕ ಕಲ್ಯಾಣಾಧಿಕಾರಿ. ನಮ್ಮದು ತತ್ತಿಯೂ ಹೊಸ್ತಿಲು ದಾಟದ ಮನೆತನ. ನನ್ನ ಹೆಂಡತಿ ನನ್ನ ಊಟದ ಡಬ್ಬಿಯನ್ನು ಇವತ್ತಿಗೂ ಹಿತ್ತಲಲ್ಲಿ ಬೇರೆಯಾಗಿ ತೊಳೆಯುತ್ತಾಳೆ. ಹಾಗಾಗಿ ಕೋಳಿಯ ವಿಷಯದಲ್ಲಿ ನನ್ನದು ಕಾಗದದ ಜ್ಞಾನ. ಆ ಜ್ಞಾನ ಎಷ್ಟು ದೂರ ಹೋಗಬಲ್ಲದು ಎಂಬುದೇ ಈ ಬರಹ.

ಕೊರೊನಾದ ಎರಡನೆಯ ಅಲೆ ಇಳಿಯುತ್ತಿದ್ದ ದಿನಗಳು. ಗೋವಾದ ದೊಡ್ಡ ಗಿರಾಕಿಯಿಂದ ಪತ್ರ ಬಂತು: ಲಸಿಕೆ ಹಾಕಿಸಿಕೊಂಡ ಕೈಗಳು ಮುಟ್ಟಿದ ಮಾಲನ್ನು ಮಾತ್ರ ಇನ್ನು ಮುಂದೆ ಕೊಳ್ಳುತ್ತೇವೆ. ಮ್ಯಾನೇಜರರು ನನ್ನನ್ನು ಕರೆಸಿದರು.

"ನೂರಕ್ಕ ನೂರು ಆಗಬೇಕ್ರಿ. ಹೆಂಗ ಮಾಡ್ತೀರಿ, ನನಗ ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲದ ಕೆಲಸವನ್ನು ಮಾಡಿಸಲೆಂದೇ ಸುತ್ತೋಲೆ ಎಂಬ ವಸ್ತುವನ್ನು ಕಂಡುಹಿಡಿದಿದ್ದಾರೆ. ಮೊದಲ ಆವೃತ್ತಿ ಆರು ಕಲಮಿನದು. ಸಾರಾಂಶ ಇಷ್ಟೇ: ತಿಂಗಳ ಕೊನೆಯ ಹೊತ್ತಿಗೆ ಲಸಿಕೆ ಹಾಕಿಸಿಕೊಳ್ಳದವರಿಗೆ ಗೇಟು ತೆರೆಯುವುದಿಲ್ಲ. ನೋಟಿಸ್ ಬೋರ್ಡಿಗೆ ಅಂಟಿಸಿ, ಹೆಸರು ಬರೆಸಲು ಖಾಲಿ ಹಾಳೆಯನ್ನೂ ಪೆನ್ನನ್ನೂ ದಾರಕ್ಕೆ ಕಟ್ಟಿ ತೂಗುಬಿಟ್ಟೆ. ಮೂರು ದಿನ ಕಳೆದ ಮೇಲೆ ನೋಡಿದರೆ ಹಾಳೆಯಲ್ಲಿ ಆರೇ ಆರು ಹೆಸರು, ಮೊದಲನೆಯದು ನನ್ನದು. ಪೆನ್ನು ಮಾತ್ರ ಯಾರದೋ ಕೆಲಸಕ್ಕೆ ಬಿದ್ದಿತ್ತು; ದಾರ ತೂಗುತ್ತಿತ್ತು.

ಎಲ್ಲಕ್ಕಿಂತ ಗಟ್ಟಿಯಾಗಿ ಕುಳಿತಿದ್ದವರು ಎಲುಬು ಬಿಡಿಸುವ ದೊಡ್ಡ ಕೋಣೆಯ, ಕಾರ್ಖಾನೆಯ ಮಾತಿನಲ್ಲಿ ಎಲುಬಿನ ‘ಹಾಲಿನ’, ಹೆಣ್ಣುಮಕ್ಕಳು. ಅಲ್ಲಿ ಸದಾ ಮಂಜಿನ ಚಳಿ. ಸ್ವೆಟರಿನ ಮೇಲೆ ಏಪ್ರನ್ನು, ಎಡಗೈಗೆ ಸ್ಟೀಲಿನ ಜಾಳಿಗೆಯ ಕೈಗವಸು, ಬಲಗೈಯಲ್ಲಿ ಚೂರಿ. ಆ ಮೇಜಿನ ಹಿರಿಯಳು ಸಾಂಬ್ರಾಣಿ ಕಡೆಯ ಹಳ್ಳಿಯವಳು. ನಲವತ್ತು ದಾಟಿದವಳು, ಗಂಡ ತೀರಿಕೊಂಡ ಮೇಲೆ ತಾಯಿಯ ಜೊತೆ ಇದ್ದವಳು. ಕೋಳಿಯ ತೊಡೆಯೊಂದನ್ನು ಹಿಡಿದರೆ ನಾವು ಉಸಿರೆಳೆದು ಬಿಡುವಷ್ಟರಲ್ಲಿ ಎಲುಬು ಒಂದು ಕಡೆ, ಮಾಂಸ ಒಂದು ಕಡೆ. ಹಾಲಿನವರೆಲ್ಲ ಅವಳನ್ನು ‘ಅಕ್ಕ’ ಎನ್ನುತ್ತಿದ್ದರು. ಅಕ್ಕ ಹೂಂ ಅಂದರೆ ಹಾಲು ಹೂಂ ಅಂದಂತೆ. ಅಂಧಶ್ರದ್ಧೆಯ ವಿರುದ್ಧ ಒಂದು ಗಂಭೀರ ಭಾಷಣವನ್ನು ಜೇಬಿನಲ್ಲಿಟ್ಟುಕೊಂಡು ನಾನು ಅಲ್ಲಿಗೆ ಹೋದೆ.

ಭಾಷಣ ಹೊರಗೆ ತೆಗೆಯುವ ಮೊದಲೇ ಅವಳು ಕೇಳಿದಳು. "ಸಾಹೇಬ್ರ, ಸೂಜಿ ಯಾವ ಕೈಗೆ ಹಾಕ್ತಾರ್ರಿ?"

"ಎಡಗೈಗೆ. ಮ್ಯಾಲ, ತೋಳಿಗೆ."

"ಹಂಗಾರ ಕೇಳ್ರಿ. ಬಲಗೈ ಬರೇ ಕೊಯ್ಯತೈತಿ. ಹಿಡಿಯೂದು ಎಡಗೈ. ಅದು ಎರಡ ದಿನ ಎತ್ತಾಕ ಬರಲಿಲ್ಲಂದ್ರ, ಜ್ವರಾ ಬಂತಂದ್ರ, ಪಗಾರ ನೀವು ಕೊಡ್ತೀರೋ ಏನ್ ನಮ್ಮ ಬದಲಿ ನೀವು ಬಂದು ಮೇಜಿಗೆ ನಿಂದರ್ತೀರೋ?"

ಹಿಂದಿನಿಂದ ಇನ್ನೊಬ್ಬಳು, "ಸಾಹೇಬ್ರು ಚೂರಿ ಹಿಡದ ನಿಂತ್ರಂದ್ರ ಸತ್ತ ಕೋಳಿನೂ ಎದ್ದ ಓಡಿ ಹೋಗ್ತಾವಬೇ!" ಎಂದಳು. ಇಡೀ ಹಾಲು ನಕ್ಕಿತು. ನಾನೂ ನಕ್ಕೆ. ಭಾಷಣ ಜೇಬಿನಲ್ಲೇ ಉಳಿಯಿತು. ಇವರಿಗೆ ಲಸಿಕೆಯ ಬಗ್ಗೆ ಸಂಶಯವಿರಲಿಲ್ಲ. ಕಂಪನಿಯ ಬಗ್ಗೆ ಇತ್ತು, ಅದು ಬೇರೆ ರೋಗ.

ಮ್ಯಾನೇಜರರ ಹತ್ತಿರ ಮೂರು ಸಲ ಹೋಗಿ ಬಂದೆ. ಕೊನೆಗೆ, ಸೂಜಿ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಜ್ವರ, ಕೈನೋವು ಬಂದರೆ ಎರಡು ದಿನ ಪಗಾರಿ ರಜೆ ಎಂದು ಒಪ್ಪಿಗೆಯಾಯಿತು. ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ. ಮುಂದೆ ಹೇಳಿಕೊಳ್ಳುವಂಥದ್ದು ಇಲ್ಲವಾದ್ದರಿಂದ ಇಲ್ಲಿಯೇ ಹೇಳಿಬಿಟ್ಟೆ.

ಮರುದಿನ ಅಕ್ಕ ತಾನೇ ತನ್ನ ಹಾಲಿನ ಎಲ್ಲರ ಹೆಸರು ಬರೆಸಿಕೊಂಡು ಬಂದಳು. ಹಾಳೆ ಕೊಟ್ಟವಳು ಹೋಗಲಿಲ್ಲ, ಬಾಗಿಲ ಹತ್ತಿರ ನಿಂತಳು.

"ಮತ್ತೇನು ತಂಗಿ?"

"ನಮ್ಮವ್ವಗೂ ಒಂದ ಹಾಕಿಸ್ರಿ ಸಾಹೇಬ್ರ. ಆಸ್ಪತ್ರಿಗೆ ಎರಡ ಸಲ ಹೋಗಿ ಬಂದಾಳ. ಒಮ್ಮೆ ಚೀಟಿ ಮುಗದಿದ್ವು, ಒಮ್ಮೆ ಔಷಧನ ಬಂದಿದ್ದಿಲ್ಲ. ಆಕೀಗೆ ದಮ್ಮ ಐತ್ರಿ, ನನಗ ಅಂಜಿಕಿ."

"ಇದು ಕಂಪನಿ ಮಂದಿಗೆ ಅಷ್ಟ."

"ಗೊತ್ತೈತ್ರಿ. ಉಳದ್ರ ಅಂದೆ."

"ಉಳದ್ರ ಹಾಕಸೂಣು. ಕರ್ಕೊಂಡ ಬಾ," ಎಂದೆ. ಅವಳು ಎರಡೂ ಕೈ ಎತ್ತಿ ಮುಗಿದಳು.

ಈಗ ಐದನೆಯ ಕಲಮು. ಕಾರ್ಖಾನೆಯಲ್ಲೇ ನಡೆಯಬೇಕಿದ್ದ ಲಸಿಕೆ ಶಿಬಿರದ ಹಿಂದಿನ ದಿನ ಮ್ಯಾನೇಜರರು ಒಂದು ಸುದ್ದಿ ಹೇಳಿದರು. ಗಿರಾಕಿಯ ಕಡೆಯ ತಪಾಸಣೆಯವನು ಶಿಬಿರ ಮುಗಿದ ಮರುದಿನವೇ ಬರುತ್ತಾನೆ, ಗೇಟಿನ ಪುಸ್ತಕವನ್ನೂ ನೋಡುತ್ತಾನೆ. ನಮ್ಮ ಧಂದೆಯಲ್ಲಿ, ಒಳಗೆ ಬಂದವರನ್ನೆಲ್ಲ ಬರೆದಿಡುವ ಈ ಗೇಟಿನ ಪುಸ್ತಕವೆಂದರೆ ಮಡಿಯ ಪುಸ್ತಕ. ಊರ ಕೋಳಿಗೆ ರೋಗ ಬಂದರೆ ಅದು ಜನರ ಕಾಲು, ಬಟ್ಟೆಗೆ ಅಂಟಿಕೊಂಡು ಕಾರ್ಖಾನೆಗೆ ಬರುತ್ತದೆ ಎಂಬ ಭಯ. ಅದಕ್ಕೆ ಬಾಗಿಲಿಗೆ ಔಷಧಿ ನೀರಿನ ತೊಟ್ಟಿ; ಅದರಲ್ಲಿ ಕಾಲಿಟ್ಟೇ ಒಳಗೆ ಬರಬೇಕು. ಅದಕ್ಕೇ ವರ್ಷಕ್ಕೊಮ್ಮೆ ಪ್ರತಿಯೊಬ್ಬ ಕೆಲಸಗಾರನಿಂದ ‘ನನ್ನ ಮನೆಯಲ್ಲಿ ಕೋಳಿ ಸಾಕಿಲ್ಲ’ ಎಂಬ ಮುಚ್ಚಳಿಕೆ. ಈ ಸೀಮೆಯಲ್ಲಿ ಅಂಗಳದಲ್ಲಿ ನಾಲ್ಕು ಕೋಳಿ ಇಲ್ಲದ ಹಳ್ಳಿ ಹುಡುಕಬೇಕೆಂದರೆ ಸಮುದ್ರದ ತನಕ ಹೋಗಬೇಕು. ಆದರೂ ಎಲ್ಲರೂ ಸಹಿ ಮಾಡುತ್ತಿದ್ದರು, ನಾನು ಫೈಲಿಗೆ ಸೇರಿಸುತ್ತಿದ್ದೆ. ಎರಡೂ ಪಕ್ಷಕ್ಕೆ ಸುಖ.

ತಪಾಸಣೆಯ ಹೆಸರು ಕೇಳಿದ್ದೇ ನನ್ನೊಳಗಿನ ಕಾಯಿದೆ ಪಂಡಿತ ಎದ್ದು ಕುಳಿತ. ‘ಶಿಬಿರದ ದಿನ ನೌಕರರಲ್ಲದವರ ಪೈಕಿ ಕಳೆದ ಮೂರು ದಿನಗಳಲ್ಲಿ ಜೀವಂತ ಕೋಳಿಯನ್ನು ಮುಟ್ಟಿದವರನ್ನು, ಗೇಟಿನೊಳಗೆ ಬಿಡತಕ್ಕದ್ದಲ್ಲ. ಹಾಗೆಯೇ ಗೇಟಿನ ಹೊರಗೆ ಲಸಿಕೆ ನೀಡತಕ್ಕದ್ದಲ್ಲ.’ ಏಳನೆಯದಾಗಿ ಬಾಲಕ್ಕೆ ಅಂಟಿಸಿದರೆ ಗಾಂಭೀರ್ಯ ಕಡಿಮೆಯಾದೀತೆಂದು ಐದನೆಯ ಜಾಗದಲ್ಲಿ ಕೂರಿಸಿದೆ. ಬರೆಯುವಾಗ ಬಾಗಿಲ ಹತ್ತಿರ ಕೈ ಮುಗಿದವಳು ನೆನಪಾಗಲಿಲ್ಲ. ನೆನಪಾಗಿ ಬರೆದಿದ್ದರೆ ದುಷ್ಟನೆನ್ನಬಹುದಿತ್ತು. ಅಷ್ಟು ದೊಡ್ಡ ಪದವಿಗೂ ನಾನು ಅರ್ಹನಲ್ಲ.

ಶಿಬಿರ ಕ್ಯಾಂಟೀನಿನಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರು ನೀಲಿ ಡಬ್ಬಿಯಲ್ಲಿ ಐಸಿನ ನಡುವೆ ಸೀಸೆಗಳನ್ನು ಇಟ್ಟುಕೊಂಡು ಬಂದರು. ಒಂದು ಸೀಸೆಗೆ ಹತ್ತು ಡೋಸು. ಒಮ್ಮೆ ಸೂಜಿ ಚುಚ್ಚಿ ತೆರೆದರೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಆದ್ದರಿಂದ ಸಿಸ್ಟರು ಹತ್ತು ತಲೆ ಎಣಿಸದೆ ಹೊಸ ಸೀಸೆಗೆ ಕೈ ಹಾಕುತ್ತಿರಲಿಲ್ಲ. ಒಂದು ಮೂಲೆಯಲ್ಲಿ ಹೆಸರು ಬರೆಯುವುದು, ನಡುವೆ ಸೂಜಿ, ಇನ್ನೊಂದು ಮೂಲೆಯಲ್ಲಿ ಅರ್ಧ ತಾಸು ಕುಳಿತುಕೊಳ್ಳುವ ಬೆಂಚು. ಜೊಯಿಡಾದ ಬಸ್ಸಿನವರು ಮೊದಲು ಬಂದರು, ಹೆಸರು ಏರಿಸಲು ಬೇಕಾದ ನೆಟ್‌ವರ್ಕ್ ಆಮೇಲೆ ಬಂತು. ಬೆಂಚಿನ ಮೇಲೆ ಕುಳಿತವರು ಒಬ್ಬರ ತೋಳನ್ನು ಇನ್ನೊಬ್ಬರು ಒತ್ತಿ "ನೋವೈತೇನು?" ಎಂದು ಕೇಳಿ, ನೋವಾಗುವಂತೆ ಮಾಡುತ್ತಿದ್ದರು.

ಹತ್ತೂವರೆಗೆ ಗೇಟಿನಿಂದ ಫೋನು. ನಮ್ಮ ಗೇಟಿನಲ್ಲಿ ಇದ್ದವನು ಸೈನ್ಯದಿಂದ ನಿವೃತ್ತನಾದ ಹವಾಲ್ದಾರ. ನನ್ನ ಸುತ್ತೋಲೆಗಳನ್ನು ಪೂರ್ತಿ ಓದುತ್ತಿದ್ದ ಜಗತ್ತಿನ ಏಕೈಕ ವ್ಯಕ್ತಿ. ಮುದುಕಿಯೊಬ್ಬಳು ಬಂದು ಕುಳಿತಿದ್ದಾಳೆ, ಎಲುಬಿನ ಹಾಲಿನ ಅಕ್ಕನ ತಾಯಿಯಂತೆ, ಕಲಮು ಐದರ ಪ್ರಕಾರ ಪ್ರಶ್ನೆ ಕೇಳಿದ್ದಾಗಿದೆ ಎಂದ. ಆ ಪ್ರಶ್ನೋತ್ತರವನ್ನು ಆಮೇಲೆ ಒಂದಕ್ಷರ ಬಿಡದೆ ನನಗೆ ವರದಿ ಮಾಡಿದ.

"ಅಜ್ಜಿ, ಮೂರ ದಿನದಾಗ ಕೋಳಿ ಮುಟ್ಟೀರೇನು?"

"ಮೂರ ದಿನ ಯಾಕಪಾ, ಇವತ್ತ ಮುಂಜಾನೆ ಮುಟ್ಟೇನಿ. ಹನ್ನೆರಡ ಅದಾವು. ಒಂದ ಕಾವಿಗೆ ಕುಂತೈತಿ."

"ಮುಟ್ಟಿಲ್ಲ ಅಂತ ಬರಕೋಲೇನು?"

"ಸುಳ್ಳ ಯಾಕ ಬರೀತಿ ನನ್ನ ಮಗನ? ಇಲ್ಲಿ ನೋಡು, ಸೂಜಿ ಹಾಕೂ ನರ್ಸ್ ಬಾಯಾರಿಗೆ ತತ್ತಿನೂ ತಂದೇನಿ."

ಹವಾಲ್ದಾರ ತತ್ತಿಯ ಗಂಟನ್ನು ರಸ್ತೆಯ ಆಚೆ, ಕಾರ್ಖಾನೆಯ ಸರಹದ್ದಿನ ಹೊರಗೆ, ಮೈಲುಗಲ್ಲಿನ ಮೇಲೆ ಇಡಿಸಿದ. ಇಪ್ಪತ್ತು ವರ್ಷ ಗಡಿ ಕಾದ ಮನುಷ್ಯ. ಅವನೂ ಒಂದು ಸುಳ್ಳು ಬರೆಯಲು ಸಿದ್ಧನಾಗಿದ್ದ. ಮುದುಕಿ ಒಪ್ಪಲಿಲ್ಲ. ಆದರೆ ಆ ಸುಳ್ಳಿನ ಅಗತ್ಯವೇ ಬೀಳದಂತೆ ಮಾಡುವ ಅಧಿಕಾರ ಇದ್ದದ್ದು ನನ್ನೊಬ್ಬನಿಗೆ.

ಅಕ್ಕ ಆಗಷ್ಟೇ ಸೂಜಿ ಹಾಕಿಸಿಕೊಂಡು ಬೆಂಚಿನಲ್ಲಿದ್ದಳು. ಎದ್ದು ಬಂದು ಮೆಲ್ಲಗೆ ಹೇಳಿದಳು. "ಅವ್ವ ಬಂದಾಳ್ರಿ."

"ಕುಂಡರಲಿ. ಕಡೀಕ ನೋಡೂಣು."

ಅವಳು ಮತ್ತೇನೋ ಹೇಳಲು ಬಾಯಿ ತೆರೆದಳು, ಸುತ್ತ ಕುಳಿತವರನ್ನು ನೋಡಿ ಮುಚ್ಚಿದಳು. ತಾಯಿಯ ಹನ್ನೆರಡು ಕೋಳಿ ಅಂದರೆ ಅವಳದೇ ಅಂಗಳದ ಕೋಳಿ. ಅಂಗಳದಲ್ಲಿ ಕೋಳಿ ಇಲ್ಲ ಎಂದು ಅವಳು ಸಹಿ ಮಾಡಿಕೊಟ್ಟ ಕಾಗದ ನನ್ನ ಕಪಾಟಿನಲ್ಲಿತ್ತು. ಹೆಚ್ಚು ಒತ್ತಾಯಿಸಿದರೆ ಕೆಲಸಕ್ಕೇ ಕುತ್ತು. ಅವಳು ಕೇಳಲಾರಳು ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

ಮಧ್ಯಾಹ್ನದ ಮೇಲೆ ಕೊನೆಯ ಸೀಸೆ. ಎದುರಿಗೆ ಏಳು ಜನ. ಸಿಸ್ಟರು ತೆರೆಯಲಿಲ್ಲ. "ಮುಂಡಗೋಡದಿಂದ ಇನ್ನ ಮೂರ ಮಂದಿ ಗಾಡ್ಯಾಗ ಹೊಂಟಾರ, ಬಂದ ಬಿಡ್ತಾರ, ತಗೀರಿ," ಎಂದು ನಾನೇ ಭರವಸೆ ಕೊಟ್ಟೆ. ಅವರು ತೆರೆದರು. ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತು. ಏಳು ಜನರದು ಮುಗಿಯಿತು. ಕಾದೆವು, ಚಹಾ ಕುಡಿದೆವು, ಮತ್ತೆ ಕಾದೆವು.

"ಮೂರ ಉಳದಾವ್ರಿ," ಎಂದರು ಸಿಸ್ಟರು. "ಇನ್ನ ಅರ್ಧಾ ತಾಸು ಅಷ್ಟ. ಹೊರಗ ಯಾರರೆ ಇದ್ರ ಕರೀರಿ. ಮನಿ ಮಂದಿಗೂ ಹಾಕಬಹುದಂತ ನಮಗ ಹೇಳ್ಯಾರ."

"ಹೊರಗ ಒಬ್ಬಾಕಿ ಮುದುಕಿ ಅದಾಳ. ಒಳಗ ಬಿಡಾಕ ಬರೂದಿಲ್ಲ."

"ಯಾಕ್ರಿ?"

"ಕೋಳಿ ಮುಟ್ಟ್ಯಾಳ."

ಸಿಸ್ಟರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಕಿಟಕಿಯಾಚೆ ಕೊಕ್ಕೆಗೆ ತೂಗಿಕೊಂಡು ಸಾಲಾಗಿ ಹೋಗುತ್ತಿದ್ದ ಕೋಳಿಗಳನ್ನು ನೋಡಿದರು.

"ಆಕಿ ಬರೂದ ಬ್ಯಾಡ. ನಾನ ಹೊರಗ ಬರ್ತೇನಿ. ಗೇಟು ಎಷ್ಟ ದೂರ?"

"ಎಂಬತ್ತ ಹೆಜ್ಜಿ ಇರಬೇಕು."

"ಮತ್ತ? ನಡೀರಿ."

ಅವರು ಡಬ್ಬಿ ಎತ್ತಿಕೊಂಡಾಗಿತ್ತು. ನಾನು ಹಿಂದೆ ಹೋಗಿದ್ದರೆ ಸಾಕಿತ್ತು, ಒಂದು ಕುರ್ಚಿ ಹಿಡಿದುಕೊಂಡಿದ್ದರೆ ಇನ್ನೂ ಚೆನ್ನಾಗಿತ್ತು. ನಾನು ಫೈಲು ತೆರೆದೆ. ಹೊರಗೆ ಮಂಜೂರಾದ ಸ್ಥಳವಲ್ಲ, ಅರ್ಧ ತಾಸು ಕೂರಿಸಲು ಅಲ್ಲಿ ವ್ಯವಸ್ಥೆಯಿಲ್ಲ, ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಯಾರದು ಎಂದೆಲ್ಲ ಹೇಳಿ, ಬೆರಳಿಟ್ಟು ಐದನೆಯ ಕಲಮು ತೋರಿಸಿದೆ. ಮರುದಿನದ ತಪಾಸಣೆ ತಲೆಯಲ್ಲಿ ಕುಳಿತಿತ್ತು. ಅದಕ್ಕಿಂತ ಆಳದಲ್ಲಿ, ನಾನು ಬರೆದದ್ದನ್ನು ನಾನೇ ಮೊದಲ ದಿನವೇ ಮುರಿಯುವುದೇ ಎಂಬ ಒಂದು ಸಣ್ಣ ಜಂಬ ಕುಳಿತಿತ್ತು.

ಸಿಸ್ಟರು ಓದಿದರು. "ಇದನ್ನ ಯಾರ ಬರದಾರ್ರಿ?"

"ಮ್ಯಾಲಿಂದ ಬಂದೈತಿ," ಎಂದೆ. ನನ್ನ ಟೇಬಲ್ಲು ಮೊದಲನೆಯ ಮಹಡಿಯಲ್ಲಿತ್ತು, ಅಷ್ಟರಮಟ್ಟಿಗೆ ಸುಳ್ಳಲ್ಲ.

ಗೇಟಿಗೆ ಒಬ್ಬನೇ ಹೋದೆ. ಮುದುಕಿ ತೊಳೆದ ಸೀರೆಯುಟ್ಟು, ಕುಪ್ಪಸದ ಎಡತೋಳನ್ನು ಆಗಲೇ ಮೇಲೆ ಮಡಚಿಟ್ಟುಕೊಂಡು ಕುಳಿತಿದ್ದಳು.

"ಇವತ್ತ ಆಗೂದಿಲ್ಲಜ್ಜಿ. ಆಸ್ಪತ್ರಿಗೆ ಮುಂದಿನ ವಾರ ಬರತಾವಂತ. ಅಲ್ಲಿ ಹೋಗ್ರಿ."

"ಮುಗದ್ವೇನಪಾ?"

"ಹೂಂ," ಎಂದೆ.

"ಆತ್ ಬಿಡು. ಮಂದಿ ಭಾಳ, ಔಷಧ ಏನ್ ಮಾಡೀತು." ತೋಳು ಕೆಳಗೆ ಎಳೆದುಕೊಂಡು, ರಸ್ತೆ ದಾಟಿ ತತ್ತಿಯ ಗಂಟು ಎತ್ತಿಕೊಂಡು, ಟೆಂಪೋ ಹತ್ತಿದಳು. ಆ ಸಂಜೆ ನಾನು ನನ್ನನ್ನು ಉದಾರಿಯೆಂದೇ ತಿಳಿದಿದ್ದೆ. ಮಗಳ ಮುಚ್ಚಳಿಕೆಯ ಕೋಳಿಗಳ ವಿಷಯ ಎತ್ತಲಿಲ್ಲವಲ್ಲ!

ಸಿಸ್ಟರ ಹತ್ತಿರ ವ್ಯರ್ಥವಾದ ಡೋಸುಗಳನ್ನು ಬರೆಯುವ ಪುಸ್ತಕವಿತ್ತು. ‘ಮೂರು’ ಎಂದು ಬರೆದು, ಕಾರಣದ ಖಾನೆಯನ್ನು ಖಾಲಿ ಬಿಟ್ಟು ಪೆನ್ನನ್ನು ನನ್ನ ಕಡೆ ಚಾಚಿದರು. "ಇದನ್ನ ನೀವ ಬರೀರಿ." ‘ಫಲಾನುಭವಿಗಳ ಕೊರತೆ’ ಎಂದು ಬರೆದೆ. ಅಕ್ಷರ ದುಂಡಗಿದ್ದವು.

ತಪಾಸಣೆಯವನು ಮರುದಿನ ಬಂದ. ಲಸಿಕೆಯ ಪಟ್ಟಿ ನೋಡಿದ, ಹಾಲುಗಳಲ್ಲಿ ಅಡ್ಡಾಡಿದ. ಗೇಟಿನ ಪುಸ್ತಕವನ್ನು ನಾನೇ ಮುಂದೆ ಇಟ್ಟೆ. ಅದರ ಮೇಲೆ ಚಹಾದ ಕಪ್ಪು ಇಟ್ಟುಕೊಂಡು ಗೋವಾದ ಮಳೆಯ ಬಗ್ಗೆ ಮಾತಾಡಿ ಹೋದ. ಮುಂಡಗೋಡದ ಮೂವರೂ ತಮ್ಮ ಊರಲ್ಲೇ ಹಾಕಿಸಿಕೊಂಡರು. ಗೇಟಿನ ಮೇಲೆ ‘ಶೇಕಡಾ ನೂರು’ ಎಂದು ಬೋರ್ಡು ಏರಿತು. ಧಾರವಾಡದಿಂದ ಪೇಢೆ ತರಿಸಿ ಹಂಚಿದೆವು.

ಒಂದೂವರೆ ತಿಂಗಳಿಗೆ ಎಲುಬಿನ ಹಾಲಿನಲ್ಲಿ ಕೆಮ್ಮು ಕಾಣಿಸಿತು. ಕೆಲವರನ್ನು ಮನೆಗೆ ಕಳಿಸಿದೆವು. ಯಾರಿಗೂ ಆಸ್ಪತ್ರೆ ಬೇಕಾಗಲಿಲ್ಲ; ಲಸಿಕೆ ತನ್ನ ಕೆಲಸ ಮಾಡಿತ್ತು. ಅಕ್ಕನಿಗೂ ಎರಡು ದಿನ ನೆಗಡಿ, ಮೈಕೈ ನೋವು. ಅವಳ ತಾಯಿ ಆಸ್ಪತ್ರೆಗೆ ಮೂರನೆಯ ಸಲ ಹೋಗಿರಲಿಲ್ಲ. ಬಿತ್ತನೆ ಮುಗಿಯಲಿ ಎಂದಿದ್ದಳಂತೆ. ಮಗಳ ನೆಗಡಿ ಇಳಿಯುವ ಹೊತ್ತಿಗೆ ತಾಯಿಗೆ ಉಸಿರು ಕಟ್ಟಿತು. ಹಳಿಯಾಳದಲ್ಲಿ ಒಂದು ದಿನ, ಅಲ್ಲಿಂದ ಧಾರವಾಡಕ್ಕೆ. ಕಂಪನಿಯ ಗಾಡಿ ಕೊಟ್ಟವನು ನಾನೇ, ಹಾಸಿಗೆಗಾಗಿ ನಾಲ್ಕಾರು ಕಡೆ ಫೋನು ಮಾಡಿದವನೂ ನಾನೇ. ನಾಲ್ಕನೆಯ ದಿನ ಮುದುಕಿ ಹೋದಳು.

ಒಂದು ಡೋಸಿನಿಂದ ಅವಳು ಉಳಿಯುತ್ತಿದ್ದಳೆಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು. ಈ ವಾಕ್ಯವನ್ನು ನಾನು ಬಹಳ ದಿನ ಜೋಪಾನ ಮಾಡಿದೆ. ಕಡ್ಡಾಯ ಮಾಡಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ನಾನು ಕಾಪಾಡಿದ್ದು ಮೇಜನ್ನು. ಮೇಜಿಗೆ ನಿಂತವರು ಸಂಜೆ ಬಸ್ಸು ಹತ್ತಿ ಮನೆಗೆ ಹೋಗುತ್ತಾರೆ, ಮನೆಯಲ್ಲಿ ಜನ ಇರುತ್ತಾರೆ ಎಂಬುದು ಆ ಬಸ್ಸುಗಳ ವೇಳಾಪಟ್ಟಿ ಬರೆಯುವ ನನಗೇ ಹೊಳೆಯಲಿಲ್ಲ. ಎರಡನೆಯ ಡೋಸಿನ ಶಿಬಿರಕ್ಕೆ ಐದನೆಯ ಕಲಮನ್ನು ತೆಗೆದುಹಾಕಿ, ಸೂಜಿಯ ಮೇಜನ್ನು ಗೇಟಿನ ಹೊರಗೆ ರಸ್ತೆ ಪಕ್ಕದಲ್ಲಿ ಹಾಕಿಸಿದೆ. ಮ್ಯಾನೇಜರರನ್ನು ಕೇಳಲಿಲ್ಲ. ಅವರೂ ಏನೂ ಅನ್ನಲಿಲ್ಲ. ಇಷ್ಟು ಸುಲಭವಿತ್ತು ಎಂಬುದೇ ಆ ದಿನ ನನಗೆ ನುಂಗಲಾರದ ತುತ್ತಾಯಿತು.

ಅಕ್ಕ ಆ ಶಿಬಿರಕ್ಕೆ ಬಂದಳು. ತಾಯಿಯ ಕಾರ್ಯ ಮುಗಿಸಿ ಕೆಲಸಕ್ಕೆ ಮರಳಿ ಕೆಲವು ವಾರಗಳಾಗಿದ್ದವು. ಅಲ್ಲಿಯವರೆಗೆ ನಾನು ಅವಳ ಹಾಲಿನ ಕಡೆ ಹೋಗದಂತೆ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಸೂಜಿ ಹಾಕಿಸಿಕೊಂಡು, ಅರ್ಧ ತಾಸು ಕುಳಿತು, ಎದ್ದು ನೇರವಾಗಿ ನನ್ನ ಮುಂದೆ ಬಂದು ನಿಂತಳು.

"ಒಂದ ಮಾತ ಕೇಳಲೇನ್ರಿ ಸಾಹೇಬ್ರ?"

"ಕೇಳು ತಂಗಿ."

"ಅವತ್ತ ಅವ್ವ ಮನಿಗೆ ಬಂದು ‘ಮುಗದ್ವಂತ’ ಅಂದ್ಲು. ಕ್ಯಾಂಟೀನ ಕಸಾ ಹೊಡಿಯಾಕಿ ‘ಉಳದಿದ್ವು’ ಅಂತಾಳ. ಯಾರದು ಖರೆ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅದು ಅವಳಿಗೆ ಸಮಾಧಾನ ಕೊಡುತ್ತದೆ ಎಂಬ ನೆಪವೂ ಸಿದ್ಧವಿತ್ತು. ಅಷ್ಟು ದೂರದಲ್ಲಿ ಸಿಸ್ಟರು ತಲೆ ಎತ್ತಿ ನಮ್ಮ ಕಡೆ ನೋಡುತ್ತಿದ್ದರು.

"ಉಳದಿದ್ವು," ಎಂದೆ.

"ಎಷ್ಟ್ರಿ?"

"ಮೂರು."

ಲೆಕ್ಕ ತಾಳೆ ಹಾಕುವವರ ಹಾಗೆ ಅವಳು ಮೂರು ಬೆರಳು ಮಡಚಿದಳು. ಆಮೇಲೆ ನೋಯುವ ತೋಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಹೇಳಿದಳು:

"ಒಂದ ಸಾಕಾಗಿತ್ರಿ."